46ನೇ ವಯಸ್ಸಿಗೆ ಟ್ಯಾಟೂ ಕಲಿಯೋದು: ಬೋರ್ಡ್ ಆರ್ಟಿಸ್ಟ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೀಗ 46. ಊರು ರಾಣೆಬೆನ್ನೂರು ಹತ್ರ. ಮೊದಲೆಲ್ಲ ಅಂಗಡಿ ಬೋರ್ಡು, ಗೋಡೆ ಬರಹ, ಲಾರಿ ಹಿಂದಿನ ಅಕ್ಷರ ಎಲ್ಲ ಬರೀತಿದ್ದೆ. ಫ್ಲೆಕ್ಸ್ ಬಂದು ಆ ಕೆಲಸ ಹೋಯ್ತು, ಈಗ ಒಂದು ಫ್ಲೆಕ್ಸ್ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡ್ತೀನಿ. ಮನೆಯಲ್ಲಿ ತಾಯಿಗೆ ಶುಗರ್, ದಿನಾ ಇನ್ಸುಲಿನ್. ಮಗಳು ಸೆಕೆಂಡ್ ಪಿಯು. ಹೆಂಡತಿ ಟೈಲರಿಂಗ್ ಮಾಡ್ತಾಳೆ. ನನಗೆ ಸಿಗೋದು ರಾತ್ರಿ ಊಟ ಆದಮೇಲೆ ಒಂದೂವರೆ ಗಂಟೆ, ಮತ್ತೆ ಭಾನುವಾರ. ಟ್ಯಾಟೂ ಕಲಿಯೋ ಆಸೆ ಇದೆ. ವಯಸ್ಸು ಮೀರಿತಾ? ಆನ್‌ಲೈನ್ ಕಿಟ್ ತಗೊಂಡು ಮನೆಯಲ್ಲೇ ಕಲಿಬಹುದಾ, ಇಲ್ಲ ಸಾಲ ಮಾಡಿ ಒಂದು ತಿಂಗಳ ಕೋರ್ಸಿಗೆ ಸೇರ್ಲಾ? ಕಲಿತ ಮೇಲೆ ಜಾತ್ರೆಗಳಲ್ಲಿ ಸ್ಟಾಲ್ ಹಾಕಬಹುದಾ? ಈಗಿನ ಕೆಲಸ ಬಿಡಬೇಕಾಗತ್ತಾ?

ಉತ್ತರ:

ನಮಸ್ಕಾರ ಸರ್. ವಯಸ್ಸಿನ ವಿಷಯ ಮೊದ್ಲು ಮುಗಿಸಿಬಿಡ್ತೀನಿ, ಅದರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ. ಕಲಿಯೋಕೆ 46 ಏನೂ ಅಡ್ಡಿ ಇಲ್ಲ. ಅಡ್ಡ ಬರೋದು ಕಣ್ಣು ಮತ್ತೆ ಕುತ್ತಿಗೆ. ಚಾಳೀಸು ಬಂದೇ ಇರತ್ತೆ ನಿಮಗೆ. ಬೈಫೋಕಲ್ ಕನ್ನಡಕ ಹಾಕ್ಕೊಂಡು ಟ್ಯಾಟೂ ಮಾಡೋಕೆ ಕೂತ್ರೆ ಕೆಳಗಿನ ಗಾಜಿನಿಂದ ನೋಡೋಕೆ ಅಂತ ಗಲ್ಲ ಮೇಲೆತ್ತೋದು, ಬೆನ್ನು ಬಗ್ಗಿಸೋದು, ಹೀಗೆ ಎರಡು ಗಂಟೆ ಆದ್ರೆ ಮರುದಿನ ಫ್ಲೆಕ್ಸ್ ಅಂಗಡಿ ಕುರ್ಚಿಲಿ ಕೂರೋಕಾಗಲ್ಲ. ಕಣ್ಣಿನ ಡಾಕ್ಟರ ಹತ್ರ ಹೋಗಿ ಕಣ್ಣಿಗೂ ಕೆಲಸದ ಜಾಗಕ್ಕೂ ಎಷ್ಟು ದೂರ ಇರತ್ತೆ ಅಂತ ಟೇಪ್ ಹಿಡಿದು ಅಳೆದು ಹೇಳಿ, ಸಾಮಾನ್ಯವಾಗಿ 35ರಿಂದ 40 ಸೆಂಟಿಮೀಟರ್, ಆ ದೂರಕ್ಕೆ ಮಾತ್ರ ಒಂದು ಸಿಂಗಲ್ ವಿಷನ್ ಕನ್ನಡಕ ಮಾಡಿಸ್ಕೊಳ್ಳಿ. ಮಷಿನ್‌ಗಿಂತ ಮೊದ್ಲು ದುಡ್ಡು ಹಾಕಬೇಕಾಗಿರೋದು ಇದಕ್ಕೆ. ಹಾಗೇ ನಿಮ್ಮ ಶುಗರೂ ಒಂದ್ಸಲ ಚೆಕ್ ಮಾಡಿಸಿ, ತಾಯಿಗಿದೆ ಅಂದ್ರಲ್ಲ ಅದಕ್ಕೆ ಹೇಳಿದೆ.

ಈಗ ಕೈ ವಿಷಯ. ಇಲ್ಲಿ ಇಪ್ಪತ್ತು ವರ್ಷದ ಹುಡುಗರಿಗಿಂತ ನೀವು ತುಂಬಾ ಮುಂದಿದ್ದೀರ, ಆದ್ರೆ ಒಂದು ಕಡೆ ಅವರಿಗಿಂತ ಹಿಂದೆ ಇದ್ದೀರ. ಆ ಒಂದು ಕಡೆ ಯಾವುದು ಅಂತ ಯಾರೂ ನಿಮಗೆ ಮೊದಲೇ ಹೇಳಲ್ಲ.

ಬೋರ್ಡ್ ಬರೆಯೋವಾಗ ಬ್ರಶ್ ಒತ್ತಿದ್ರೆ ಗೆರೆ ದಪ್ಪ, ಎತ್ತಿದ್ರೆ ಸಣ್ಣ. ‘ಕ’ ಬರೆಯೋವಾಗ ಬಳುಕಿನಲ್ಲಿ ಸ್ವಲ್ಪ ಒತ್ತಿ, ತುದಿಗೆ ಬಂದಾಗ ಹಗುರ ಮಾಡಿ ಎಳೆದುಬಿಡೋದು ನಿಮ್ಮ ಮಣಿಕಟ್ಟಿಗೇ ಅಭ್ಯಾಸ ಆಗಿರತ್ತೆ, ಯೋಚನೆ ಮಾಡೋದೇ ಇಲ್ಲ. ಸೂಜಿಯಲ್ಲಿ ಅದೇ ಒತ್ತಡ ಹಾಕಿದ್ರೆ ಗೆರೆ ದಪ್ಪ ಆಗಲ್ಲ, ಆಳಕ್ಕೆ ಹೋಗತ್ತೆ. ಆಳಕ್ಕೆ ಹೋದ ಇಂಕ್ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಇಳಿದು ಸುತ್ತ ಹರಡಿಕೊಂಡು ನೀಲಿ ನೆರಳಿನ ಥರ ಕಾಣತ್ತೆ, ಇದಕ್ಕೆ ಬ್ಲೋಔಟ್ ಅಂತೀವಿ, ಅಳಿಸೋಕೆ ಲೇಸರ್ ಬಿಟ್ರೆ ದಾರಿ ಇಲ್ಲ. ದಪ್ಪ ಬೇಕಂದ್ರೆ ಸೂಜಿ ಗುಂಪು ಬದಲಾಯಿಸಬೇಕು, ಇಲ್ಲ ಪಕ್ಕಪಕ್ಕ ಎರಡು ಗೆರೆ ಎಳೆದು ಮಧ್ಯೆ ತುಂಬಬೇಕು. ಅಂದ್ರೆ ನಿಮ್ಮ ಅಕ್ಷರದ ರೂಪ ಅದೇ ಇರತ್ತೆ, ಅದನ್ನ ಕಟ್ಟೋ ಕ್ರಮ ಪೂರ್ತಿ ಬೇರೆ. ಆ ಬ್ರಶ್ ಒತ್ತೋ ಅಭ್ಯಾಸ ಮರೆಯೋದೇ ನಿಮ್ಮ ಮೊದಲ ಆರು ತಿಂಗಳ ಕೆಲಸ ಅನ್ಕೊಳ್ಳಿ. ಹೊಸ ಹುಡುಗನಿಗೆ ಮರೆಯೋಕೆ ಏನೂ ಇರಲ್ಲ, ಅಷ್ಟೇ ಅವನ ಲಾಭ.

ಆಳ ಅಂದ್ನಲ್ಲ, ಎಷ್ಟು ಅಂದ್ರೆ ಒಂದರಿಂದ ಎರಡು ಮಿಲಿಮೀಟರ್ ಒಳಗೆ. ಮೇಲಿನ ಪದರ ಕೆಲವು ವಾರಕ್ಕೊಮ್ಮೆ ಉದುರಿ ಹೊಸದಾಗ್ತಾ ಇರತ್ತೆ, ಅಲ್ಲಿ ಬಿಟ್ಟ ಇಂಕ್ ನಿಲ್ಲಲ್ಲ. ಅದರ ಕೆಳಗಿನ ಪದರ ಇದೆಯಲ್ಲ, ಡರ್ಮಿಸ್, ಅಲ್ಲಿ ನಿಲ್ಲಬೇಕು. ಅಲ್ಲಿರೋ ಕೆಲವು ಜೀವಕೋಶಗಳು ಇಂಕಿನ ಕಣಗಳನ್ನ ನುಂಗಿ ಹಿಡ್ಕೊಂಡಿರ್ತವೆ, ಆ ಕೋಶ ಸತ್ತಾಗ ಪಕ್ಕದ್ದು ಬಂದು ಮತ್ತೆ ನುಂಗತ್ತೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಇದನ್ನ ತೋರಿಸಿದ್ರು. ಟ್ಯಾಟೂ ಜೀವನಪೂರ್ತಿ ಉಳಿಯೋದೂ ಇದರಿಂದಲೇ, ವರ್ಷಗಳು ಕಳೆದ ಹಾಗೆ ಗೆರೆ ಸ್ವಲ್ಪ ಸ್ವಲ್ಪ ಜರುಗಿ ದಪ್ಪ ಆಗೋದಕ್ಕೂ ಇದೊಂದು ಕಾರಣ.

ನಿಮ್ಮ ತಾಯಿ ಕೈಮೇಲೆ ಹಣಚಿಬೊಟ್ಟು, ಅಂದ್ರೆ ಹಳೇ ಕಾಲದ ಹಚ್ಚೆ, ಇರಬಹುದು, ಆ ಕಡೆಯ ಆ ವಯಸ್ಸಿನವರಲ್ಲಿ ಸುಮಾರು ಜನಕ್ಕೆ ಇರತ್ತೆ. ಇದ್ರೆ ಒಂದಿನ ಹಗಲು ಬೆಳಕಲ್ಲಿ ಹತ್ರದಿಂದ ನೋಡಿ. ದೀಪದ ಕಾಡಿಗೆ, ಸೊಪ್ಪಿನ ರಸ, ನಾಲ್ಕಾರು ಸೂಜಿ ಕಟ್ಟಿ ಚುಚ್ಚಿದ್ದು ಅದು. ಹಾಕುವಾಗ ಕಪ್ಪು, ಈಗ ಹಸಿರುನೀಲಿ. ಚುಕ್ಕೆ ಪಕ್ಕ ಚುಕ್ಕೆ ಇಟ್ಟಲ್ಲೆಲ್ಲ ಕೂಡ್ಕೊಂಡು ಒಂದೇ ಮಚ್ಚೆ ಆಗಿರತ್ತೆ, ಜಾಗ ಬಿಟ್ಟು ಇಟ್ಟ ಚುಕ್ಕೆ ಮಾತ್ರ ಇನ್ನೂ ಚುಕ್ಕೆಯಾಗೇ ಇರತ್ತೆ. ಆ ಹಚ್ಚೆ ಹಾಕೋ ಹೆಂಗಸರಿಗೆ ಇದು ಗೊತ್ತಿತ್ತು ಅನ್ಸತ್ತೆ, ಅದಕ್ಕೇ ಇರಬೇಕು ಅವರ ವಿನ್ಯಾಸದಲ್ಲಿ ಅಷ್ಟು ಖಾಲಿ ಜಾಗ. ಇನ್‌ಸ್ಟಾಗ್ರಾಮ್‌ನಲ್ಲಿ ಬರೋ ಕೂದಲೆಳೆ ಟ್ಯಾಟೂ ಎಲ್ಲ ಹಾಕಿದ ಹತ್ತು ನಿಮಿಷಕ್ಕೆ ತೆಗೆದ ಫೋಟೋ, ಹತ್ತು ವರ್ಷ ಆದಮೇಲೆ ಅದು ಏನಾಗಿದೆ ಅಂತ ಯಾರೂ ಹಾಕಲ್ಲ.

ಹೀಗೆ ಇಂಕ್ ಹರಡಿ ಕೂಡ್ಕೊಳ್ಳೋ ಮಾತು ಕನ್ನಡ ಅಕ್ಷರಕ್ಕೆ ಇಂಗ್ಲಿಷ್‌ಗಿಂತ ಜಾಸ್ತಿ ಅನ್ವಯಿಸತ್ತೆ, ಮತ್ತೆ ನಿಮಗೆ ಅನ್ನ ಹಾಕೋದೂ ಈ ಕನ್ನಡ ಅಕ್ಷರವೇ ಅಂತ ನನ್ನ ನಂಬಿಕೆ. ಅಮ್ಮ, ಅಪ್ಪ, ಮಕ್ಕಳ ಹೆಸರು, ಮನೆದೇವ್ರ ಹೆಸರು, ಇವೆಲ್ಲ ನಮ್ಮಲ್ಲಿ ದಿನಾ ಬರೋ ಕೆಲಸ. 2021ರಲ್ಲಿ ಪುನೀತ್ ಹೋದಮೇಲಂತೂ ಎಷ್ಟು ಕೈಮೇಲೆ ‘ಅಪ್ಪು’ ಬಂತು. ಆದ್ರೆ ಒಳ್ಳೆ ಕನ್ನಡ ಅಕ್ಷರ ಹಾಕೋರು ಕಮ್ಮಿ. ಕಂಪ್ಯೂಟರ್ ಫಾಂಟ್ ಪ್ರಿಂಟ್ ತೆಗೆದು ಹಾಗೇ ಇಳಿಸಿಬಿಡ್ತಾರೆ, ಒತ್ತಕ್ಷರ ಅಕ್ಕಿಕಾಳಿನಷ್ಟು ಸಣ್ಣ ಇರತ್ತೆ. ‘ಲಕ್ಷ್ಮಿ’ ಅಂತ ಸಣ್ಣದಾಗಿ ಹಾಕಿ, ಐದು ವರ್ಷಕ್ಕೆ ‘ಕ್ಷ್ಮಿ’ ಒಂದು ಕಪ್ಪು ಉಂಡೆ. ‘ಥ’ ಒಳಗಿನ ಚುಕ್ಕೆ ತುಂಬಿಹೋಗತ್ತೆ, ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡು ‘ಮಾಧವ’ ಹೋಗಿ ‘ಮಾದವ’ ಆಗತ್ತೆ. ನನ್ನ ಲೆಕ್ಕ ಹೇಳ್ತೀನಿ, ಅಕ್ಷರದ ಒಳಗಿನ ಅತಿ ಸಣ್ಣ ಖಾಲಿ ಜಾಗ ಎರಡು ಮಿಲಿಮೀಟರ್‌ಗಿಂತ ಕಡಿಮೆ ಬಂದ್ರೆ ನಾನು ಹಾಕಲ್ಲ, ದೊಡ್ಡದು ಮಾಡಿ ಇಲ್ಲ ಜಾಗ ಬದಲಾಯಿಸಿ ಅಂತೀನಿ. ನೀವು ರಸ್ತೆ ಆಚೆಯಿಂದ ಓದೋ ಹಾಗೆ ಅಕ್ಷರ ಬರೆದವರು, ಎಲ್ಲಿ ತೆರೆದಿಡಬೇಕು, ಒತ್ತನ್ನ ಎಷ್ಟು ದೊಡ್ಡದು ಮಾಡಿದ್ರೂ ಚಂದ ಕೆಡಲ್ಲ ಅನ್ನೋದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಇದನ್ನೇ ಹಿಡ್ಕೊಳ್ಳಿ. ಪೋರ್ಟ್ರೇಟು, ಬಣ್ಣದ ಹುಲಿ, ಸಿಂಹ, ಶಿವನ ಮುಖ ಅದೆಲ್ಲ ಆಮೇಲೆ, ಅಥವಾ ಯಾವತ್ತೂ ಬೇಡ. ಎಲ್ಲಾ ಸ್ಟೈಲೂ ಕಲಿಯೋಷ್ಟು ಟೈಮು ಮನೆ ಸಂಸಾರ ಇರೋರಿಗೆ ಇರಲ್ಲ.

ಟೈಮ್ ವಿಷಯಕ್ಕೆ ಬಂದೆ. ರಾತ್ರಿ ಒಂದೂವರೆ ಗಂಟೆ ಅಂದ್ರಿ. ಮಷಿನ್ ತೆಗೆದು, ಟೇಬಲ್ಲಿಗೆ ಪ್ಲಾಸ್ಟಿಕ್ ಹೊದಿಸಿ, ಇಂಕ್ ಕಪ್ ಇಟ್ಟು, ಕೆಲಸ ಆದಮೇಲೆ ಎಲ್ಲ ಬಿಚ್ಚಿ ಒರೆಸಿ ಇಡೋಕೇ ಮುಕ್ಕಾಲು ಗಂಟೆ ಹೋಗತ್ತೆ, ಹಾಗಾಗಿ ವಾರದ ದಿನ ಮಷಿನ್ ಮುಟ್ಟಲೇಬೇಡಿ. ರಾತ್ರಿ ಹೊತ್ತು ಬರೀ ಪೇಪರ್ ಕೆಲಸ. ಒಂದು ಹೆಸರು ತಗೊಂಡು ಅದನ್ನ ಮುಂಗೈಗೆ, ಕತ್ತಿನ ಹಿಂದಕ್ಕೆ, ಪಾದದ ಪಕ್ಕಕ್ಕೆ ಬೇರೆ ಬೇರೆ ಥರ ಬರೆಯೋದು, ಡಿಸೈನನ್ನ ಚರ್ಮಕ್ಕೆ ಇಳಿಸೋ ಸ್ಟೆನ್ಸಿಲ್ ಪೇಪರ್ ಮೇಲೆ ಟ್ರೇಸ್ ಮಾಡೋದು. ಮೈ ಗೋಡೆ ಥರ ಚಪ್ಪಟೆ ಇಲ್ಲ, ಕೈ ತಿರುಗಿಸಿದ್ರೆ ನೇರ ಇದ್ದ ಸಾಲು ಬಾಳೆಕಾಯಿ ಆಗತ್ತೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಿಮ್ಮ ಕೈಮೇಲೇ ಪೆನ್ನಲ್ಲಿ ಬರೆದು ತಿರುಗಿಸಿ ನೋಡಿ, ಖರ್ಚಿಲ್ಲ. ಇನ್ನೊಂದು, ಪೆನ್ಸಿಲ್‌ಗೆ ಬಟ್ಟೆ ಸುತ್ತಿ ಮಷಿನ್‌ನಷ್ಟು ದಪ್ಪ ಮತ್ತೆ ಭಾರ ಮಾಡಿ ಅದರಲ್ಲಿ ಗೆರೆ ಎಳೆಯೋದು, ಬೆರಳಿಂದ ಎಳೀಬೇಡಿ, ಕಿರುಬೆರಳು ಊರಿ ಮೊಣಕೈಯಿಂದ ಚಲನೆ ಬರಲಿ. ನಿದ್ದೆ ಬಂದ್ರೆ ಮಲಗಿಬಿಡಿ, ಪೇಪರ್ ನಾಳೆನೂ ಇರತ್ತೆ. ಮಗಳ ಪರೀಕ್ಷೆ ಬಂದಾಗ, ತಾಯಿಗೆ ಹುಷಾರಿಲ್ಲದಾಗ ಎರಡು ಮೂರು ವಾರ ಬಿಟ್ಟುಹೋದ್ರೂ ಈ ಭಾಗದಲ್ಲಿ ಏನೂ ನಷ್ಟ ಆಗಲ್ಲ, ಅದಕ್ಕೇ ಇದನ್ನ ವಾರದ ದಿನಕ್ಕೆ ಇಟ್ಟಿದ್ದು.

ಭಾನುವಾರ ಸಿಲಿಕೋನ್ ಶೀಟ್, ಅಂದ್ರೆ ಅಭ್ಯಾಸಕ್ಕೆ ಅಂತ ಮಾಡಿರೋ ನಕಲಿ ಚರ್ಮ. ಮಾರ್ಕೆಟ್‌ನಲ್ಲಿ ಬಿಳಿ, ಕೆನೆಬಣ್ಣದ್ದೇ ಜಾಸ್ತಿ, ಹುಡುಕಿದ್ರೆ ಕಂದು ಬಣ್ಣದ್ದೂ ಸಿಗತ್ತೆ, ಅದನ್ನೇ ತಗೊಳ್ಳಿ, ಯಾಕಂದ್ರೆ ನಿಮ್ಮ ಹತ್ರ ಬರೋರು ನಮ್ಮ ನಿಮ್ಮ ಬಣ್ಣದವರೇ. ಶೀಟನ್ನ ಟೇಬಲ್ ಮೇಲೆ ಹಾಸಬೇಡಿ, ನಿಮ್ಮ ತೊಡೆಗೋ ಒಂದು ಬಾಟಲಿಗೋ ಸುತ್ತಿ ಕಟ್ಟಿ. ಪೆನ್ ಥರದ, ಮೋಟಾರಿಂದ ಓಡೋ ರೋಟರಿ ಮಷಿನ್ ಸಾಕು, ತಂತಿಸುರುಳಿಯಿಂದ ಓಡೋ ಕಾಯಿಲ್ ಮಷಿನ್ ಭಾರ ಮತ್ತೆ ಟ್ಯೂನಿಂಗ್ ತಲೆನೋವು. ಮಷಿನ್ ತುದಿಗೆ ಹಾಕೋ ಸೂಜಿ ಗುಂಪಿಗೆ ಕಾರ್ಟ್ರಿಡ್ಜ್ ಅಂತಾರೆ, ಅದರ ಬಾಕ್ಸ್ ಮೇಲೆ 1205ಆರ್‌ಎಲ್ ಅಂತ ಇದ್ರೆ 12 ಅನ್ನೋದು ಸೂಜಿ ದಪ್ಪ, 0.35 ಮಿಲಿಮೀಟರ್, 05 ಅಂದ್ರೆ ಐದು ಸೂಜಿ, ಆರ್‌ಎಲ್ ಅಂದ್ರೆ ರೌಂಡ್ ಲೈನರ್, ಗೆರೆ ಎಳೆಯೋಕೆ ದುಂಡಗೆ ಜೋಡಿಸಿದ ಸೂಜಿ. ಮೊದ್ಲು ಐದು ಇಲ್ಲ ಏಳರ ಲೈನರಲ್ಲೇ ಕಲೀರಿ, ಮೂರರದ್ದು ಸಣ್ಣ ಅಂತ ಸುಲಭ ಅಲ್ಲ, ಕೈ ನಡುಗಿದ್ದೆಲ್ಲ ಅದರಲ್ಲಿ ಕಾಣತ್ತೆ ಮತ್ತೆ ಬೇಗ ಕೊಯ್ಯತ್ತೆ. ಎಡಗೈಯ ಎರಡು ಬೆರಳು, ಬಲಗೈಯ ಕಿರುಬೆರಳ ಪಕ್ಕ, ಹೀಗೆ ಮೂರು ಕಡೆಯಿಂದ ಎಳೆದು ತಮಟೆ ಚರ್ಮದ ಥರ ಬಿಗಿ ಮಾಡಿದಮೇಲೇ ಸೂಜಿ ಇಡಬೇಕು. ಒಳ್ಳೆ ಗೆರೆಯ ಅರ್ಧ ಕೆಲಸ ಎಡಗೈದು, ಬೋರ್ಡ್‌ನಲ್ಲಿ ಎಡಗೈಗೆ ಏನೂ ಕೆಲಸ ಇರಲಿಲ್ಲ ನೋಡಿ, ಹಾಗಾಗಿ ಮೊದಮೊದ್ಲು ಅದೇ ನೋಯೋದು. ಬೋರ್ಡನ್ನ ಎಡದಿಂದ ಬಲಕ್ಕೆ ಬರೀತಿದ್ರಿ, ಇಲ್ಲಿ ಬಲಗೈಯವರು ಕೆಳಗಿನ ಬಲಮೂಲೆಯಿಂದ ಶುರು ಮಾಡ್ತೀವಿ, ಇಲ್ಲಾಂದ್ರೆ ಇಂಕ್ ಒರೆಸೋವಾಗ ಇನ್ನೂ ಮಾಡದೇ ಇರೋ ಸ್ಟೆನ್ಸಿಲೂ ಅಳಿಸಿಹೋಗತ್ತೆ. ‘ಮ’ ಮೊದ್ಲು ಬರೆದು ‘ಅ’ ಆಮೇಲೆ ಬರೆಯೋದು ನಿಮಗೆ ತಮಾಷೆ ಅನ್ಸತ್ತೆ, ರೂಢಿ ಆಗತ್ತೆ.

ಆದ್ರೆ ಸಿಲಿಕೋನ್ ರಕ್ತ ಬರಿಸಲ್ಲ, ಊದಲ್ಲ, ನೋವು ಅಂತ ಕೈ ಎಳ್ಕೊಳಲ್ಲ. ಅದರ ಮೇಲೆ ಚೆನ್ನಾಗಿ ಬಂದ್ರೆ ಕೈ ಸರಿ ಇದೆ ಅಂತ ಅರ್ಥ, ಟ್ಯಾಟೂ ಬಂತು ಅಂತ ಅಲ್ಲ. ಅಲ್ಲಿಂದ ಮುಂದಿನ ಹೆಜ್ಜೆ ಮನೆಯಲ್ಲಿ ಇಡಬೇಡಿ. ಇದೊಂದರಲ್ಲಿ ನಾನು ಖಡಾಖಂಡಿತ. ಹೆಂಡತಿ ಕೈಮೇಲೆ, ಭಾಮೈದನ ಬೆನ್ನಮೇಲೆ, ಪಕ್ಕದ ಮನೆ ಹುಡುಗ ಫ್ರೀ ಅಂತ ಬಂದ ಅಂತ, ಯಾವುದೂ ಬೇಡ. ಎರಡು ಮೂರು ಸಾವಿರಕ್ಕೆ ಸಿಗೋ ಆನ್‌ಲೈನ್ ಕಿಟ್‌ನಲ್ಲಿ ಬರೋ ಇಂಕಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆನೇ ಟ್ಯಾಟೂ ಇಂಕ್‌ನಲ್ಲಿ ಭಾರಲೋಹಗಳು ಇವೆ, ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡ್ಬೇಕು ಅಂತ ಹೇಳಿದ್ದು ಪೇಪರಲ್ಲಿ ಬಂದಿತ್ತು. ಯೂರೋಪಿನವರು 2022ರಿಂದಲೇ ಇಂಕಿನ ಸಾವಿರಾರು ಕೆಮಿಕಲ್‌ಗೆ ಮಿತಿ ಹಾಕಿದ್ದಾರೆ. ಕಿಟ್‌ನ ಇಂಕನ್ನ ಸಿಲಿಕೋನ್‌ಗೆ ಹಾಕಿ ಖಾಲಿ ಮಾಡಿ, ಮನುಷ್ಯರಿಗೆ ಬೇಡ.

ಮತ್ತೆ ನಿಮ್ಮ ಮನೆಯಲ್ಲಿ ಇನ್ಸುಲಿನ್ ತಗೊಳ್ಳೋ ಹಿರಿಯರಿದ್ದಾರೆ. ಅವರ ಸೂಜಿ ಇರೋ ಜಾಗದಲ್ಲಿ ನಿಮ್ಮ ಸೂಜಿ ಬರಲೇಬಾರದು. ಬಳಸಿದ ಕಾರ್ಟ್ರಿಡ್ಜ್ ಹಾಕೋಕೆ ಚುಚ್ಚಿಕೊಳ್ಳದ ಗಟ್ಟಿ ಡಬ್ಬ ಬೇಕು, ಅದು ಕಸದ ಗಾಡಿಗೆ ಹೋಗೋ ಹಾಗಿಲ್ಲ, ಆಸ್ಪತ್ರೆ ತ್ಯಾಜ್ಯ ಒಯ್ಯೋರಿಗೆ ಕೊಡಬೇಕು, ಅಂಥ ವ್ಯವಸ್ಥೆ ಮನೆಗೆ ಇರಲ್ಲ, ಸ್ಟುಡಿಯೋಗೆ ಇರತ್ತೆ. ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಬದುಕಿರತ್ತೆ, ಟೇಬಲ್ ನೋಡೋಕೆ ಕ್ಲೀನ್ ಇದೆ ಅಂದ್ರೆ ಕ್ಲೀನ್ ಅಂತಲ್ಲ. ನಾವು ಚಿಕ್ಕವರಿದ್ದಾಗ ಅದನ್ನ ತಡೆಯೋ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನಿಮಗೆ ಬಿದ್ದಿರೋ ಸಾಧ್ಯತೆ ಕಮ್ಮಿ. ಮೂರು ಡೋಸ್ ಹಾಕಿಸ್ಕೊಳ್ಳಿ, ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೇದು. ನೀವು ಸಿಲಿಕೋನ್ ಮೇಲೆ ಕಳೆಯೋ ಆ ಆರು ತಿಂಗಳಲ್ಲೇ ಇದೂ ಮುಗಿಯತ್ತೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಗ್ಲೌಸ್ ಮತ್ತೆ ಎಚ್ಚರಿಕೆನೇ ಲಸಿಕೆ. ಬಳಸಿದ ಸೂಜಿ ಚುಚ್ಚಿಕೊಂಡ್ರೆ ಸೋಪು ನೀರಲ್ಲಿ ತೊಳೆದು ನೇರ ಜಿಲ್ಲಾಸ್ಪತ್ರೆಗೆ ಹೋಗಿ, ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೆ ಶುರು ಆಗಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ಕೋರ್ಸ್ ಬಗ್ಗೆ. ಒಂದು ತಿಂಗಳ ಕೋರ್ಸ್‌ಗಳೆಲ್ಲ ಮೋಸ ಅಂತ ನಾನು ಹೇಳಲ್ಲ, ಆದ್ರೆ ಸಾಲ ಮಾಡಿ ಸೇರಬೇಡಿ. ಒಂದು ತಿಂಗಳಲ್ಲಿ ತೋರಿಸೋದು ತೋರಿಸ್ತಾರೆ, ಕೈಗೆ ಕೂರೋಕೆ ಟೈಮ್ ಬೇಕಲ್ಲ. ಅಷ್ಟಕ್ಕೂ ನೀವು ತಿಂಗಳು ರಜ ಹಾಕಿ ಹುಬ್ಬಳ್ಳಿಲೋ ಬೆಂಗಳೂರಲ್ಲೋ ರೂಮ್ ಮಾಡ್ಕೊಂಡು ಇರೋದಾದ್ರೆ ಇನ್ಸುಲಿನ್ ಯಾರು ಹಾಕ್ತಾರೆ. ಸರ್ಟಿಫಿಕೇಟ್ ಆಸೆಗೆ ಹೋಗೋದಾದ್ರೆ, ನಮ್ಮ ದೇಶದಲ್ಲಿ ಟ್ಯಾಟೂ ಹಾಕೋರಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಪರೀಕ್ಷೆ ಇಲ್ಲ, ಅಂಗಡಿ ಇಡೋಕೆ ಬೇಕಾಗೋದು ನಗರಸಭೆಯ ಟ್ರೇಡ್ ಲೈಸೆನ್ಸು, ಗೋಡೆಗೆ ನೇತುಹಾಕೋ ಸರ್ಟಿಫಿಕೇಟ್ ಯಾರೂ ಕೇಳಲ್ಲ.

ಅದಕ್ಕಿಂತ ಭಾನುವಾರಗಳಿಗೆ ಒಂದು ಸ್ಟುಡಿಯೋ ಹುಡುಕಿ. ನಿಮಗೆ ದಾವಣಗೆರೆ ಹತ್ರ, ಹುಬ್ಬಳ್ಳಿನೂ ರೈಲಲ್ಲಿ ಹೋಗಿ ಬರೋ ದೂರವೇ. ಸ್ಟುಡಿಯೋಗಳಿಗೆ ಜನ ಬರೋದೇ ಶನಿವಾರ ಭಾನುವಾರ, ಆ ದಿನ ಟೇಬಲ್ ರೆಡಿ ಮಾಡೋಕೆ, ಸ್ಟೆನ್ಸಿಲ್ ತೆಗೆಯೋಕೆ, ಒರೆಸೋಕೆ ಒಬ್ಬರು ಇದ್ರೆ ಅವರಿಗೂ ಅನುಕೂಲ. ಓನರ್ ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವನಿರ್ತಾನೆ, ನಿಮ್ಮನ್ನ ಅಂಕಲ್ ಅಂತಾನೆ, ಕಸ ಗುಡಿಸಿ ಅನ್ನೋಕೆ ಅವನಿಗೇ ಮುಜುಗರ ಆಗತ್ತೆ. ಅದನ್ನ ನೀವೇ ಮೊದಲ ದಿನ ಒಡೆದುಹಾಕಿ, ಪೊರಕೆ ನೀವೇ ತಗೊಳ್ಳಿ, ಆಮೇಲೆ ಅವನು ಆರಾಮಾಗಿ ಕಲಿಸ್ತಾನೆ. ಸ್ಟುಡಿಯೋ ಆರಿಸೋವಾಗ ಗೋಡೆ ಮೇಲಿನ ಫೋಟೋ ನೋಡ್ಬೇಡಿ, ವಾಸಿಯಾದ ಟ್ಯಾಟೂ ತೋರಿಸಿ ಅಂತ ಕೇಳಿ, ಒಂದು ವರ್ಷ ಹಳೇದು. ಮತ್ತೆ ಸುಮ್ನೆ ಕೂತು ಗ್ಲೌಸ್ ಗಮನಿಸಿ. ಕೆಲಸದ ಮಧ್ಯೆ ಫೋನ್ ಬಂದ್ರೆ ಅದೇ ಗ್ಲೌಸಲ್ಲಿ ಫೋನ್ ಎತ್ತಿ ಮತ್ತೆ ಮಷಿನ್ ಹಿಡಿದ್ರೆ, ಚಹಾ ಕುಡಿದು ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಮೊದಲ ಚರ್ಮ ನಿಮ್ಮದೇ ಆಗಲಿ, ಮಂಡಿ ಮೇಲಿನ ತೊಡೆ, ಕೈಗೆ ಎಟುಕತ್ತೆ, ಪ್ಯಾಂಟಲ್ಲಿ ಮುಚ್ಚತ್ತೆ, ಆ ಸ್ಟುಡಿಯೋದಲ್ಲಿ ಕಲಿಸೋರು ಪಕ್ಕದಲ್ಲಿ ನಿಂತಿರೋವಾಗ. ಒಂದು ಅಕ್ಷರ ಸಾಕು. ಒಂದು ತಿಂಗಳು ಕಾದು ನೋಡಿ, ಎಲ್ಲಿ ಇಂಕ್ ಬಿಟ್ಟಿದೆ, ಎಲ್ಲಿ ಹರಡಿದೆ, ಎಲ್ಲಿ ಗಂಟಿನ ಥರ ಉಬ್ಬಿದೆ, ಬೆರಳಲ್ಲಿ ಸವರಿದ್ರೇ ಗೊತ್ತಾಗತ್ತೆ. ವಾಸಿಯಾಗೋವರೆಗೆ ಅರಿಶಿನ ಹಚ್ಚಬೇಡಿ, ಮನೆಯಲ್ಲಿ ಖಂಡಿತ ಹೇಳ್ತಾರೆ.

ಜಾತ್ರೆ ಸ್ಟಾಲ್ ಬೇಡ ಸರ್. ಧೂಳು, ಕೈ ತೊಳೆಯೋಕೆ ನೀರಿಲ್ಲ, ಕ್ಯೂನಲ್ಲಿ ನಿಂತೋರಿಗೆ ಅರ್ಜೆಂಟು, ಬೆಲೆ ಐವತ್ತು ನೂರು ರೂಪಾಯಿ. ಆ ರೇಟಿಗೆ ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಇಂಕ್ ಕಪ್, ಹೊಸ ಗ್ಲೌಸ್ ಹಾಕಿದ್ರೆ ಲಾಸು, ಹಾಗಾಗಿ ಅಲ್ಲಿ ಯಾರೂ ಹಾಕಲ್ಲ, ಒಂದೇ ಸೂಜಿ ಸಂಜೆವರೆಗೆ ಓಡತ್ತೆ. ಅಲ್ಲದೆ ಜಾತ್ರೆಗೆ ಬರೋರಲ್ಲಿ ಅರ್ಧ ಜನ ಹದಿನೆಂಟು ತುಂಬದ ಹುಡುಗರು, ಅವರಿಗೆ ಹಾಕಲೇಬಾರದು. ತುಂಬಿದೋರಿಗೂ ಒಂದು ಮಾತು ಕೇಳಬೇಕು, ಮಿಲಿಟರಿಗೋ ಪೊಲೀಸ್‌ಗೋ ಟ್ರೈ ಮಾಡ್ತಿದ್ದೀಯೇನಪ್ಪ ಅಂತ. ಹಾವೇರಿ, ಧಾರವಾಡ, ಬೆಳಗಾವಿ ಕಡೆ ಇದು ಬಹಳ ಮುಖ್ಯ. ಸೇನೆಯಲ್ಲಿ ಮುಂಗೈಯ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಟ್ಯಾಟೂ ಇದ್ರೆ ಸೆಲೆಕ್ಷನ್‌ನಲ್ಲಿ ಸಾಮಾನ್ಯವಾಗಿ ತೆಗೆದುಹಾಕ್ತಾರೆ. ಓಡಿ, ಜಿಗಿದು ಎಲ್ಲ ಪಾಸಾದ ಹುಡುಗ ನೀವು ತೋಳಿನ ಮೇಲೆ ಬರೆದ ಹೆಸರಿಂದ ವಾಪಸ್ ಬರೋದು ಬೇಡ. ಹಾಗೇ ಶುಗರ್ ಇದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ಹಳೇ ಗಾಯ ಗಂಟುಗಂಟಾಗಿ ಉಬ್ಬಿದೆಯಾ, ಇದೆಲ್ಲ ಕೇಳೋಕೆ ಜಾತ್ರೆಯಲ್ಲಿ ಪುರುಸೊತ್ತೆಲ್ಲಿ.

ಈಗಿನ ಕೆಲಸ ಬಿಡ್ಬೇಡಿ. ಕನಿಷ್ಠ ಎರಡು ವರ್ಷ ಟ್ಯಾಟೂಯಿಂದ ಮನೆಗೆ ದುಡ್ಡು ಬರತ್ತೆ ಅಂತ ಲೆಕ್ಕ ಹಾಕಬೇಡಿ, ಹೆಂಡತಿಗೂ ಇದನ್ನ ಮೊದಲೇ ಹೇಳಿಬಿಡಿ, ಭಾನುವಾರ ನೀವು ಮನೇಲಿರಲ್ಲ ಅಂದ್ರೆ ಆ ದಿನದ ಮನೆಕೆಲಸ ಅವರ ತಲೆಮೇಲೆ ಬೀಳತ್ತೆ, ಹೊಲಿಗೆ ಆರ್ಡರೂ ಅವತ್ತೇ ಇರತ್ತೆ. ತಿಂಗಳಿಗೆ ಎರಡೇ ಭಾನುವಾರ ಹೋಗ್ತೀನಿ, ಉಳಿದೆರಡು ಮನೆಗೆ ಅಂತ ಮಾಡ್ಕೊಂಡ್ರೂ ಸಾಕು, ನಿಧಾನ ಆಗತ್ತೆ, ಆಗಲಿ. ಕೈ ಕೂತಮೇಲೆ ಸ್ಟುಡಿಯೋದವರ ಜೊತೆ ಹೆಚ್ಚುಕಮ್ಮಿ ಅರ್ಧರ್ಧ ಹಂಚಿಕೆ ಮೇಲೆ ಕೆಲಸ ಮಾಡಬಹುದು, ನಮ್ಮಲ್ಲಿ ಇಂಚಿನ ಲೆಕ್ಕದ ರೇಟು, ಆದ್ರೆ ಅಕ್ಷರಕ್ಕೆ ಇಂಚಿನ ಲೆಕ್ಕ ಬೇಡ, ಬರೆದುಕೊಡೋ ಡಿಸೈನಿಗೆ ಬೇರೆ ದುಡ್ಡು ಕೇಳಿ.

ಮೊದಲ ಸಲ ಸ್ಟುಡಿಯೋಗೆ ಹೋಗೋವಾಗ ಮಷಿನ್ ಕಿಟ್ ಒಯ್ಯಬೇಡಿ. ಕೈಯಲ್ಲಿ ಬರೆದ ಹೆಸರುಗಳ ಇಪ್ಪತ್ತು ಮೂವತ್ತು ಹಾಳೆ ಒಯ್ಯಿರಿ, ಮತ್ತೆ ನಿಮ್ಮ ಹಳೇ ಬ್ರಶ್ಶು, ಎನಾಮಲ್. ಆ ಹುಡುಗರ ಸ್ಟುಡಿಯೋ ಮುಂದೆ ಫ್ಲೆಕ್ಸ್ ಬೋರ್ಡೇ ಇರತ್ತೆ, ಬಿಸಿಲಿಗೆ ಬಣ್ಣ ಹೋಗಿರತ್ತೆ. ಶಟರ್ ಮೇಲೆ ಕೈಬರಹದ ಕನ್ನಡ ಬೋರ್ಡ್ ಬರೆದುಕೊಡ್ತೀನಿ, ಫೀಸಿನ ಬದಲು ಭಾನುವಾರ ಕೂರೋಕೆ ಜಾಗ ಕೊಡಿ ಅಂತ ಕೇಳಿ ನೋಡಿ.